ಕಲಾಯಿ ಮನೆಯ ಕಿಲುಬು

ಹೋದ ಚಳಿಗಾಲದಲ್ಲಿ ನನ್ನ ಉಪ್ಪಿನಕಾಯಿಯ ಎರಡೂ ಭರಣಿಗಳು ಒಂದೇ ದಿನ ಅಡುಗೆಮನೆಯಿಂದ ಮಾಯವಾದವು. ಹುಡುಕಿ ಹುಡುಕಿ ಸಾಕಾಗಿ ಹಿತ್ತಲಿಗೆ ಹೋದರೆ, ಕೋಳಿಗೂಡಿನ ಹಿಂದೆ ಕುತ್ತಿಗೆಮಟ ಮಣ್ಣಿನಲ್ಲಿ ಹೂತು ಕೂತಿದ್ದವು. ಮುಚ್ಚಳ ತೆಗೆದೆ. ಘಾಟು ಮೂಗಿಗೆ ಬಡಿದು ಕಣ್ಣು ಉರಿದವು. ಒಳಗೆ ನಿಂಬೆರಸ, ಉಪ್ಪು, ಕೋಳಿ ಹಿಕ್ಕೆ, ಅದರ ನಡುವೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಸಣ್ಣ ಗಂಟುಗಳು. ಬಟ್ಟೆಯ ಗುರುತು ಹತ್ತಿದ ಮೇಲಂತೂ ನನ್ನ ತಲೆಯೇ ಕೆಟ್ಟಿತು. ಅದು ನನ್ನ ನಿಕಾಹದ ಜಾಳಿ ದುಪಟ್ಟಾ. ಅಂಚು ಹರಿದಿತ್ತು, ನಿಜ. ಹರಿದಿದೆಯೆಂದೇ ಜೋಪಾನವಾಗಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆ.

ಗಂಟು ಬಿಚ್ಚಿದರೆ ಕಂಚಿನ ನಾಣ್ಯ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಯಾರಿಗೂ ತಿಳಿಯದ ಅಕ್ಷರ, ಮೈತುಂಬ ಹಸಿರು ಕಿಲುಬು. ಅಷ್ಟರಲ್ಲಿ ನನ್ನ ಗಂಡ ನಿಯಾಜ ಬಂದರು. ನಾಚಿಕೆ ಪಡುತ್ತಾರೆ ಅಂದುಕೊಂಡರೆ, ಮುಚ್ಚಳ ಯಾಕೆ ತೆಗೆದೆ, ಗಾಳಿ ತಾಗಿದರೆ ಬಣ್ಣ ಕೆಡುತ್ತದೆ ಎಂದು ನನಗೇ ಗದರಿದರು.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸಿಂದಗಿಯ ಕಡೆಯ ಒಬ್ಬ ಮನುಷ್ಯ ಎಲ್ಲೋ ಅಚ್ಚು ಹಾಕಿಸಿದ ಹೊಸ ನಾಣ್ಯಗಳನ್ನು ಚೀಲದಲ್ಲಿ ತಂದು ಕೊಡುತ್ತಾನೆ. ಇವರು ಅವಕ್ಕೆ ಕಿಲುಬು ಹಿಡಿಸಿ ವಾಪಸು ಕೊಡುತ್ತಾರೆ. ಹಳೆಯ ನಾಣ್ಯದ ಹುಚ್ಚಿನವರು ಹಸಿರಿಲ್ಲದ್ದನ್ನು ಕೈಯಲ್ಲಿ ಮುಟ್ಟುವುದಿಲ್ಲವಂತೆ. ಅದಕ್ಕೆ ನನ್ನ ಭರಣಿ, ನನ್ನ ದುಪಟ್ಟಾ, ನನ್ನ ಕೋಳಿ.

ನಮ್ಮದು ಮುದ್ದೇಬಿಹಾಳದಲ್ಲಿ ಕಲಾಯಿಯವರ ಮನೆ. ನನ್ನ ಮಾವ ಶಹಾಬುದ್ದೀನರು ಊರಿನ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆಲ್ಲ ತವರ ಹಚ್ಚಿ ಬೆಳ್ಳಗೆ ಮಾಡಿಕೊಟ್ಟವರು. ಕಿಲುಬು ಅಂದರೆ ಅವರಿಗೆ ವಿಷ. ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಿದರೆ ಉಂಡವರು ವಾಂತಿ ಮಾಡಿಕೊಂಡು ಮಲಗುತ್ತಾರೆ ಎಂದು ಎಷ್ಟು ಮನೆಯವರಿಗೆ ಹೇಳಿಲ್ಲ ಅವರು. ಅವರ ಅಪ್ಪನ ಕಾಲದಿಂದ ಒಂದು ರಿವಾಜು ನಡೆದು ಬಂದಿದೆ: ಹೊರಗಿನ ಯಾವ ಪಾತ್ರೆ ನಮ್ಮ ಹೊಸ್ತಿಲ ಒಳಗೆ ಬಂದರೂ ಬೆಳಗದೆ ವಾಪಸು ಕಳಿಸಬಾರದು. ಕಲಾಯಿಗೆ ಬಂದದ್ದೇ ಆಗಬೇಕೆಂದಿಲ್ಲ. ಎದುರುಮನೆಯ ಬಾಳಮ್ಮ ಹಬ್ಬಕ್ಕೆ ಹಿತ್ತಾಳೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದರೆ, ನನ್ನ ಅತ್ತೆ ಹಜರಾಬಿ ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಬಂಗಾರದಂತೆ ಮಾಡಿಯೇ ಕೊಡುವುದು. ಅಂಥ ಮನೆಯ ಮಗ ಕೂತು ಕಿಲುಬು ಬೆಳೆಸುತ್ತಾರೆ. ಅದೂ ಅಪ್ಪನ ಡಬ್ಬಿಯ ನವಸಾಗರವನ್ನೇ ಕದ್ದು. ಕಾದ ಪಾತ್ರೆಗೆ ತವರ ಕೂರಲೆಂದು ಮಾವ ಚಿಮುಕಿಸುವ ಬಿಳಿ ಪುಡಿ ಅದು.

ಕಲಾಯಿ ಕೆಲಸಕ್ಕೆ ಇವರು ಬೆನ್ನು ತಿರುಗಿಸಿ ಬಹಳ ವರ್ಷವಾಯಿತು. ಮದುವೆ ಅಡುಗೆಯ ದೇಗು ಅಂದರೆ ಆಳು ಇಳಿಯುವಷ್ಟು ದೊಡ್ಡ ತಾಮ್ರದ ಹಂಡೆ, ಅದರೊಳಗೆ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದುಕೊಂಡು, ಮರಳಿನ ಮೇಲೆ ಗಿರಗಿರ ತಿರುಗುತ್ತ ತಳ ತಿಕ್ಕಬೇಕು. ಹರೆಯದಲ್ಲಿ ಹಾಗೆ ತಿರುಗುವಾಗ ಓಣಿಯ ಹುಡುಗಿಯರು ನಕ್ಕರಂತೆ. ಅವತ್ತು ಇಳಿದವರು ಮತ್ತೆ ದೇಗು ಹತ್ತಲಿಲ್ಲ. ಮೊಬೈಲ್ ರಿಪೇರಿ ಮಾಡಿದರು, ಆಟೋ ಓಡಿಸಿದರು, ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಈ ಹಸಿರು ಕೆಲಸ ಮಾತ್ರ ಕೈ ಹಿಡಿದಿತ್ತು. ನಾನು ದಿನಾ ಬೈಯುತ್ತಿದ್ದೆ, ಇವರು ದಿನಾ ಒಂದೇ ಉತ್ತರ ಕೊಡುತ್ತಿದ್ದರು: ಇದರಿಂದ ಯಾರ ಮನೆ ಮುಳುಗಿದೆ ಹೇಳು.

ಯಾರ ಮನೆ ಎಂಬುದು ಮಾಘ ಮಾಸದ ಹೊತ್ತಿಗೆ ಗೊತ್ತಾಯಿತು.

ನನ್ನ ನಾದಿನಿ ಶಾಹಿಸ್ತಾಳಿಗೆ ಇಂಡಿಯಿಂದ ಸಂಬಂಧ ಬಂದಿತ್ತು. ಅದಕ್ಕೂ ಮುಂಚೆ ಬಂದವರು 'ಕಲಾಯಿಯವರ ಹುಡುಗಿ' ಎಂದು ಮೂಗು ಮುರಿದು ಹೋಗಿದ್ದರು. ಮೆಡಿಕಲ್ ಅಂಗಡಿಯಲ್ಲಿ ದುಡಿದು ಮನೆಗೆ ಅರ್ಧ ಕಿರಾಣಿ ತರುವವಳು ನಮ್ಮ ಶಾಹಿಸ್ತಾ, ಆದರೂ ಆ ಮಾತು ಕೇಳಬೇಕಾಯಿತು. ಈ ಸಲದವರು ಹಾಗಲ್ಲ. ಮುಕ್ತಾರಸಾಬರದು ನಿಂಬೆಹಣ್ಣಿನ ವ್ಯಾಪಾರ, ಮಗ ಮಂಜೂರ ಲೋಡು ಕಳಿಸುವ ಕೆಲಸ ನೋಡಿಕೊಳ್ಳುತ್ತಾನೆ. ಹುಡುಗ ಹುಡುಗಿ ಇಬ್ಬರೂ ಒಪ್ಪಿ, ಫೋನಿನಲ್ಲಿ ಮಾತಾಡುವಷ್ಟು ಮುಂದೆ ಹೋಗಿತ್ತು. ಶಾಹಿಸ್ತಾ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ ಬಟ್ಟೆ ಒಣಗಿದ ಮೇಲೇ ಇಳಿಯುವುದು. ಈ ಸಂಬಂಧ ತಪ್ಪಿದರೆ ಇನ್ನೊಂದಕ್ಕೆ ಅವಳು ತಲೆ ಬಾಗಿಸುವವಳಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಕ್ತಾರಸಾಬರು ಹೆಂಡತಿ ರಹಿಮಾಬಿಯೊಂದಿಗೆ ನಮ್ಮ ಮನೆ ನೋಡಲು ಬಂದರು. ಒಂದು ಚೀಲ ನಿಂಬೆಹಣ್ಣು ತಂದಿದ್ದರು. ಕೋಳಿ ಸಾರು, ಜೋಳದ ರೊಟ್ಟಿ, ಅನ್ನ, ಶಾವಿಗೆ ಎಲ್ಲ ಹೊಗಳಿ ಉಂಡರು. ಊಟವಾದ ಮೇಲೆ ಅತ್ತೆ ರಹಿಮಾಬಿಯವರನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಹೊರಗೆ ಗಂಡಸರಿಗೆ ನಾನು ಚಹಾ ಒಯ್ದೆ. ಮುಕ್ತಾರಸಾಬರು ಕೈಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು, ಮುಚ್ಚಳ ತೆರೆದು, ಮಗುವಿನ ಮೇಲಿನ ದುಪ್ಪಟಿ ಸರಿಸಿದಂತೆ ಮೆಲ್ಲಗೆ ಹತ್ತಿ ಸರಿಸಿದರು.

ಒಳಗೆ ಹಸಿರು ನಾಣ್ಯಗಳು. ಎಲ್ಲವೂ ಆನೆಯವು.

ಗೊಳಸಂಗಿಯ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಸಿಕ್ಕವು, ಸಾವಿರಾರು ವರ್ಷ ಹಳೆಯವು, ಸಿಂದಗಿಯವನೊಬ್ಬ ನಂಬಿಕೆಯ ಮೇಲೆ ತಂದುಕೊಟ್ಟ ಎಂದು ಅವರು ಹೇಳುತ್ತ ಹೋದರು. ನಾನು ಬಗ್ಗಿ ಕಪ್ಪು ಇಡುತ್ತಿದ್ದವಳು ಹಾಗೇ ನಿಂತೆ. ಮೇಲಿನ ನಾಣ್ಯದ ಹಸಿರಿನಲ್ಲಿ ಜಾಳಿಯ ಅಚ್ಚು ಬಿದ್ದಿತ್ತು. ಆರು ಮೂಲೆಯ ಸಣ್ಣ ಸಣ್ಣ ಕಣ್ಣು. ನನ್ನ ದುಪಟ್ಟಾದ ಜಾಳಿ ನನಗೆ ಗುರುತು ಸಿಗುವುದಿಲ್ಲವೇ? ಸಾವಿರ ವರ್ಷದ ನಾಣ್ಯದ ಮೇಲೆ ನನ್ನ ಮದುವೆಯ ದುಪಟ್ಟಾ. ಇವರ ಕಡೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಹಸಿರು ಹತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡಿದ್ದರು.

ಮುಕ್ತಾರಸಾಬರು ಕೆಂಪು ಬಟ್ಟೆಯಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ನಾಣ್ಯವನ್ನು ಬಿಚ್ಚಿದರು. ಅದು ಅವರ ಅಜ್ಜನಿಗೆ ಹೊರ್ತಿಯಲ್ಲಿ ಬಾವಿ ತೋಡುವಾಗ ಸಿಕ್ಕಿದ್ದು. ಅದರ ಹಸಿರು ಕಡು, ನುಣುಪು. ಆ ಒಂದರಿಂದಲೇ ತಮಗೆ ಈ ಹುಚ್ಚು ಹಿಡಿದದ್ದು ಎಂದು ನಕ್ಕು, ಅದನ್ನೂ ಡಬ್ಬಿಯಲ್ಲೇ ಇಟ್ಟರು.

"ಶಹಾಬುದ್ದೀನಸಾಬ, ನೀವು ಕಂಚು ತಾಮ್ರದಾಗ ಕೈ ಪಳಗಿದವ್ರು," ಎಂದರು. "ಡಬ್ಬಿ ನಿಮ್ಮ ಕಡೆ ಇರ್ಲಿ. ಸಾವಕಾಶ ನೋಡ್ರಿ. ಮುಂದಿನ ಶುಕ್ರವಾರ ಮದುವಿ ತಾರೀಖ ಹಿಡಿಯಾಕ ಇಂಡಿಗೆ ಬರ್ತೀರಲಾ, ಆಗ ತರ್ರಿ. ನೀವು ಹಳೇವು ಅಂದ್ರ ನನಗ ಅಷ್ಟ ಸಾಕು."

ಅವರು ಹೋದ ಮೇಲೆ ಮಾವ ಒಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಉಜ್ಜಿ, ಮೂಸಿ, ಹಿತ್ತಲಿಗೆ ಹೋಗಿ ಕೋಳಿಗೂಡಿನ ಹಿಂದೆ ನೋಡಿ ಬಂದರು. ಬಂದವರು ಕೂರಲಿಲ್ಲ.

"ಇದು ನನ್ನ ಡಬ್ಬಿ ನವಸಾಗರ," ಎಂದರು.

"ನಾ ಯಾರಿಗೂ ಹಳೇದು ಅಂತ ಹೇಳಿ ಮಾರಿಲ್ಲ ಅಬ್ಬಾ. ಬಣ್ಣಾ ಹಿಡಿಸಿ ಕೊಡ್ತೇನಿ, ಅಷ್ಟ. ಗ್ವಾಡಿಗೆ ಬಣ್ಣಾ ಹಚ್ಚವ ಕಳ್ಳ ಏನು?"

"ಗ್ವಾಡಿಗೆ ಬಣ್ಣಾ ಹಚ್ಚವ ಇದು ಸಾವಿರ ವರ್ಷದ ಗ್ವಾಡಿ ಅಂತ ಹೇಳಂಗಿಲ್ಲ."

"ನಾನೂ ಹೇಳಿಲ್ಲ. ಸಿಂದಗಿ ಮನಶ್ಯಾ ಹೇಳ್ಯಾನ."

ಮಾವ ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಹಜರಾಬಿಗೆ ಬಿ.ಪಿ. ಇದೆ, ಅವಳ ಕಿವಿಗೆ ಈ ಸುದ್ದಿ ಬೀಳಬಾರದು ಎಂದಷ್ಟೇ ಹೇಳಿ ಮಸೀದಿಗೆ ಹೊರಟರು. ಆ ಒಂದು ಅಪ್ಪಣೆಯಿಂದ ಮುಂದೆ ಏನಾಯಿತು ನೋಡಿ. ನಮ್ಮ ಮನೆಯಲ್ಲಿ ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳುವ ಪದ್ಧತಿಯೇ ಇಲ್ಲ.

ಆ ವಾರ ಮನೆಯಲ್ಲಿ ಊಟದ್ದೇ ಒಂದು ಪೀಡೆಯಾಯಿತು. ಮಗ ಕೂತ ಪಂಕ್ತಿಗೆ ಅಪ್ಪ ಬರುವುದಿಲ್ಲ. ಅಪ್ಪ ಉಂಡು ಏಳುವವರೆಗೆ ಮಗ ಮನೆಗೆ ಬರುವುದಿಲ್ಲ. ಶಾಹಿಸ್ತಾ ಎಲ್ಲರೂ ಮುಗಿಸಿದ ಮೇಲೆ ನಿಂತುಕೊಂಡೇ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದೇ ಬೇಳೆ ನಾನು ಮೂರು ಸಲ ಕಾಯಿಸಬೇಕು. ಅತ್ತೆ ಮಾತ್ರ ಏನೂ ಗೊತ್ತಿಲ್ಲದೆ, ಎಲ್ಲರಿಗೂ ಒಮ್ಮೆಗೇ ಪಿತ್ತವಾಗಿದೆ ಎಂದು ಜೀರಿಗೆ ಕಷಾಯ ಕುದಿಸುತ್ತಿದ್ದರು.

ಶಾಹಿಸ್ತಾಳಿಗೆ ನಾನೇ ಹೇಳಿದೆ. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳು ಅಣ್ಣನನ್ನು ಹಿತ್ತಲಿನಲ್ಲಿ ಹಿಡಿದು ಕೇಳಿದಳು, ಸಿಂದಗಿಯವನು ಯಾರಿಗೆ ಮಾರುತ್ತಾನೆಂದು ಒಮ್ಮೆಯಾದರೂ ವಿಚಾರಿಸಿದೆಯಾ ಎಂದು. ಇವರು ಇಲ್ಲ ಎಂದರು. ಇಂಡಿಯ ಮುಕ್ತಾರಸಾಬರೇ ಗಿರಾಕಿ ಆಗುತ್ತಾರೆಂದು ತನಗೇನು ಕನಸು ಬಿದ್ದಿತ್ತೇ ಎಂದು ಮೇಲಿಂದ ಸಿಟ್ಟನ್ನೂ ಮಾಡಿದರು. ಅಬ್ಬಾ 'ಹಳೆಯವು' ಎಂದು ಒಂದು ಮಾತು ಅಂದರೆ ಎಲ್ಲ ಸುಸೂತ್ರ, ಅವರಿಗೂ ಖುಷಿ, ನಿನಗೂ ಮದುವೆ ಎಂದು ಬುದ್ಧಿ ಬೇರೆ ಹೇಳಿದರು. ಮಾಡುವುದೆಲ್ಲ ಮಾಡಿ, ನ್ಯಾಯ ಹೇಳುವುದಕ್ಕೂ ಇವರೇ.

ಗುರುವಾರ ಮಧ್ಯಾಹ್ನ ನಾನು ರೇಷನ್ ಅಂಗಡಿಯಿಂದ ಬಂದೆ. ಹಿತ್ತಲಿನಲ್ಲಿ ಅತ್ತೆ ಒಗೆಯುವ ಕಲ್ಲಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮಡಿಲಿನಲ್ಲಿ ಬಿಸ್ಕತ್ತಿನ ಡಬ್ಬಿ. ಮುಂದೆ ಹಾಸಿದ ಟವೆಲಿನ ಮೇಲೆ ನಾಣ್ಯಗಳು ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟೆ.

"ಯಾಕ ಹಂಗ ನೋಡ್ತೀ ಯಾಸ್ಮಿನ?" ಎಂದರು ಅತ್ತೆ, ತಿಕ್ಕುವುದು ನಿಲ್ಲಿಸದೆ. "ಬೀಗರ ಸಾಮಾನು ಹಂಗ ಕಿಲಬ ಹಿಡದದ್ದು ಒಯ್ದು ಕೊಟ್ರ ಆ ಹೆಣ್ಣಮಗಳು ಏನ ಅಂದಾಳು? ಕಲಾಯಿಯವರ ಮನ್ಯಾಗ ಹುಣಸಿಹಣ್ಣ ಇಲ್ಲೇನು ಅಂತಾಳ. ಗಂಡಸರು ವಾರ ಇಟಗೊಂಡ ಕುಂತ್ರು, ಒಬ್ಬರರ ತಿಕ್ಯಾರೇನು?"

ಅವರನ್ನು ಏನೆಂದು ಬೈಯಲಿ? ನಾನು ಕೂಗಿದ ಕೂಗಿಗೆ ಮನೆಯೆಲ್ಲ ಹಿತ್ತಲಿಗೆ ಬಂತು. ಕಿಲುಬು ಹೋದ ನಾಣ್ಯಗಳು ಹೊಸ ನಲ್ಲಿಯ ಹಾಗೆ ಮಿಂಚುತ್ತಿದ್ದವು. ಪ್ರತಿಯೊಂದು ಆನೆಗೂ ಸೊಂಡಿಲ ಹತ್ತಿರ ಒಂದೇ ಜಾಗದಲ್ಲಿ ಒಂದೇ ಥರದ ಗೀರು, ಒಂದೇ ಅಚ್ಚಿನವೆಂದು ಕುರುಡನಿಗೂ ತಿಳಿಯುವಂತೆ. ಮುಕ್ತಾರಸಾಬರ ಅಜ್ಜನ ನಾಣ್ಯ ಬೇರೆಯಾಗಿ ಬಿದ್ದಿತ್ತು. ಅದರ ಹಸಿರಿನ ಜತೆಗೆ ಅಕ್ಷರವೂ ಹೋಗಿ, ಸಿಡುಬು ಬಂದ ಮುಖದಂತೆ ತೂತು ತೂತಾಗಿ ಉಳಿದಿತ್ತು.

ಆಗ ಮಾವ ಅತ್ತೆಗೆ ಎಲ್ಲ ಹೇಳಿದರು. ಅತ್ತೆ ಹುಣಸೆಯ ಕೈಯಲ್ಲೇ ಮಗನ ಬೆನ್ನಿಗೆ ಬಾರಿಸಿದರು, ಆಮೇಲೆ ಆ ಒಂದು ನಾಣ್ಯವನ್ನು ಸೆರಗಿನಿಂದ ಒರೆಸುತ್ತ ಅಳತೊಡಗಿದರು. ಇವರು ಪೆಟ್ಟು ತಿಂದು ಸುಮ್ಮನಿರಲಿಲ್ಲ. ಬಗ್ಗಿ ನಾಣ್ಯಗಳನ್ನು ಕೂಡಿಸಿಕೊಂಡರು. ಅಬ್ಬಾಗೆ ಜ್ವರ ಎಂದು ಫೋನು ಮಾಡಿ ತಾರೀಖು ಮುಂದೆ ಹಾಕಿರಿ, ಅಷ್ಟರಲ್ಲಿ ಎಲ್ಲವಕ್ಕೂ ಮತ್ತೆ ಹಸಿರು ತರುತ್ತೇನೆ, ಅಜ್ಜನದಕ್ಕೂ ಹಚ್ಚುತ್ತೇನೆ, ಮುಕ್ತಾರಸಾಬರಿಗೆ ಗುರುತು ಹತ್ತಿದರೆ ನನ್ನ ಹೆಸರು ನಿಯಾಜ ಅಲ್ಲ ಎಂದರು.

ಯಾರೂ ಬೇಡ ಅನ್ನಲಿಲ್ಲ. ಅತ್ತೆ ಅಳು ನಿಲ್ಲಿಸಿ ಮಗನ ಮುಖ ನೋಡಿದರು. ನನ್ನ ಕಣ್ಣು ಭರಣಿಗಳ ಕಡೆ ಹೋಯಿತು.

ಶಾಹಿಸ್ತಾ ಮುಂದೆ ಬಂದು ಅಣ್ಣನ ಕೈಯಿಂದ ಡಬ್ಬಿ ಕಸಿದುಕೊಂಡಳು.

"ಆ ಮನಿಗೆ ಹೋದ್ರ ಈ ಡಬ್ಬಿ ದಿನಾ ಒರಸಾಕಿ ನಾನು," ಎಂದಳು. "ಚಾ ಒಯ್ದು ಕೊಟ್ಟಾಗೊಮ್ಮೆ ಅವ್ರು ಇದನ್ನ ತಗದು, ನೋಡ ಬೇಟಿ, ಸಾವಿರ ವರ್ಷದ್ದು ಅಂತಾರ. ನಾ ಏನ ಅನ್ಲಿ? ಹೌದ್ರಿ ಅಬ್ಬಾ ಅನ್ಲಿ? ಸಾಯೂತನಕ ಹೌದ್ರಿ ಅನ್ಲಿ?"

"ಇಲ್ಲಂದ್ರ ಸಂಬಂಧ ಮುರೀತೈತಿ," ಎಂದರು ಇವರು.

"ಮುರಿಲಿ. ಮುರದದ್ದು ನೀ ಅಂತ ಗೊತ್ತರ ಇರ್ತೈತಿ."

ಅಷ್ಟು ಹೇಳಿ ಮಾಳಿಗೆಗೆ ಹೋದಳು. ಅವತ್ತು ಅವಳ ಕೈಯಲ್ಲಿ ಒಣಹಾಕುವ ಬಟ್ಟೆಯೂ ಇರಲಿಲ್ಲ, ಫೋನೂ ಇರಲಿಲ್ಲ.

ಶುಕ್ರವಾರ ನಾವು ನಾಲ್ವರು ಹೊರಟೆವು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ವಿಜಯಪುರದಲ್ಲಿ ಮತ್ತೊಮ್ಮೆ ಬದಲಿಸಿ ಇಂಡಿ ಮುಟ್ಟಿದೆವು. ದಾರಿಯುದ್ದಕ್ಕೂ ಡಬ್ಬಿ ಅತ್ತೆಯ ಮಡಿಲಿನಲ್ಲಿತ್ತು.

ಇಂಡಿಯಲ್ಲಿ ತಾರೀಖು ಹಿಡಿಯಲೆಂದು ನೆಂಟರನ್ನೂ ಕರೆದಿದ್ದರು, ಬಿರ್ಯಾನಿ ದಮ್ಮಿಗೆ ಇಟ್ಟಾಗಿತ್ತು. ಮಾವ ಮುಕ್ತಾರಸಾಬರನ್ನು ಪಕ್ಕದ ಕೋಣೆಗೆ ಕರೆದರು. ಮುಚ್ಚಳ ತೆಗೆದು ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಕಿಲುಬು ಹಚ್ಚಿದವ ನನ್ನ ಮಗ, ತೊಳೆದವಳು ನನ್ನ ಹೆಂಡತಿ, ಅಜ್ಜನದು ಒಂದೇ ಅಸಲು ಇತ್ತು, ಅದನ್ನೂ ನಾವೇ ಕೆಡಿಸಿದ್ದೇವೆ ಎಂದರು. ಬಾಗಿಲಲ್ಲಿ ನಿಂತಿದ್ದ ರಹಿಮಾಬಿ, ಈ ಹಾಳು ಡಬ್ಬಿಯ ಮೇಲೆ ಇವರು ಮನೆ ಮಕ್ಕಳಿಗಿಂತ ಹೆಚ್ಚು ಜೀವ ಇಟ್ಟಿದ್ದಾರೆ, ಬೇಡ ಬೇಡ ಎಂದರೂ ಕೇಳಲಿಲ್ಲ ಎಂದು ತಲೆ ಚಚ್ಚಿಕೊಂಡರು. ಅವರ ದನಿ ಕೇಳಿ ನನಗೆ ನನ್ನದೇ ದನಿ ಕೇಳಿದಂತಾಯಿತು.

ಮುಕ್ತಾರಸಾಬರು ಆನೆಯವನ್ನು ಮುಟ್ಟಲೂ ಇಲ್ಲ. ಅಜ್ಜನದನ್ನು ಅಂಗೈಯಲ್ಲಿ ಇಟ್ಟುಕೊಂಡು ಅತ್ತ ಇತ್ತ ಹೊರಳಿಸಿದರು. ಮುಖ ಕಪ್ಪಿಟ್ಟಿತ್ತು. ಆಮೇಲೆ ನನ್ನ ಗಂಡನ ಕಡೆ ನೋಡಿದರು.

"ಇದೊಂದಕ್ಕರ ಮೊದಲಿನಂಗ ಮಾಡಾಕ ಬರ್ತೈತೇನಪಾ?"

ನಿನ್ನೆಯಷ್ಟೇ ಹೆಸರಿನ ಆಣೆ ಇಟ್ಟವರು ಇವರು.

"ಬರಂಗಿಲ್ಲರಿ," ಎಂದರು ಇವರು. ತಲೆ ಮೇಲೆತ್ತಲಿಲ್ಲ. "ನಾ ಹಚ್ಚಿದ್ದು ಹಚ್ಚಿದಂಗ ಕಾಣ್ತೈತ್ರಿ. ಇದರದ್ದು ತಾನ ಬಂದದ್ದಿತ್ತು. ಅದು ನನ್ನ ಕೈಲೆ ಆಗಂಗಿಲ್ಲ."

ಮದುವೆಯಾದಂದಿನಿಂದ ಈ ಮನುಷ್ಯನ ಬಾಯಲ್ಲಿ 'ಆಗುವುದಿಲ್ಲ' ಎಂಬ ಮಾತು ನಾನು ಕೇಳಿರಲಿಲ್ಲ.

ಉಂಡು ಹೋಗಿ ಎಂದರು ಮುಕ್ತಾರಸಾಬರು, ತಾವು ಮಾತ್ರ ನಮ್ಮೊಂದಿಗೆ ಕೂರಲಿಲ್ಲ. ತಾರೀಖಿನ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಊರಿಗೆ ಬಂದಾಗ ಶಾಹಿಸ್ತಾ ಬಾಗಿಲು ತೆಗೆದು, ನಮ್ಮ ಮುಖ ನೋಡಿ, ರೊಟ್ಟಿ ಬಡಿಯಲು ಹೋದಳು.

ಆಮೇಲೆ ವಾರಗಟ್ಟಲೆ ಇಂಡಿಯಿಂದ ಒಂದು ಸುದ್ದಿಯಿಲ್ಲ. ಶಾಹಿಸ್ತಾಳ ಫೋನು ಶೆಲ್ಫಿನ ಮೇಲೆ ಮಲಗಿತ್ತು. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಅಣ್ಣನೊಂದಿಗೆ ಮಾತ್ರ ಮಾತು ಬಿಟ್ಟಿದ್ದಳು. ಇವರ ತಾಟಿಗೆ ರೊಟ್ಟಿ ಹಾಕುವಾಗ ಗೋಡೆ ನೋಡುತ್ತಿದ್ದಳು. ಸಿಂದಗಿಯ ಮನುಷ್ಯ ಬೈಕಿನ ಮೇಲೆ ಹೊಸ ಚೀಲ ತಂದಾಗ ಅತ್ತೆ ಕಸಬರಿಗೆ ಹಿಡಿದು ಹೊರಗೆ ಹೋದರು, ಮಗ ಮನೆಯಲ್ಲೇ ಇದ್ದರೂ ತಡೆಯಲಿಲ್ಲ. ಒಂದು ದಿನ ಇವರು ತಾವಾಗಿಯೇ ಭರಣಿಗಳನ್ನು ಅಗೆದು ತೆಗೆದು, ತೊಳೆದು, ನನ್ನ ಮುಂದೆ ತಂದಿಟ್ಟರು. ಆ ಭರಣಿಯಲ್ಲಿ ಯಾರು ಉಪ್ಪಿನಕಾಯಿ ಹಾಕುತ್ತಾರೆ? ನಾನು ಅವನ್ನು ಮೆಟ್ಟಿಲ ಕೆಳಗೆ ನೂಕಿದೆ.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಓಣಿಗೆ ನಿಂಬೆಹಣ್ಣಿನ ಟೆಂಪೊ ಬಂದು ನಿಂತಿತು. ಇಳಿದವನು ಮಂಜೂರ. ಹಿಂದಿನ ಬಾಗಿಲು ತೆಗೆದು ಎರಡು ದೊಡ್ಡ ತಾಮ್ರದ ದೇಗುಗಳನ್ನು ಇಳಿಸಿದ. ತಲೆಮಾರಿನಿಂದ ಕಲಾಯಿ ಕಾಣದವು, ಒಳಗೆಲ್ಲ ಹಸಿರು ಹಿಡಿದು ಕೂತಿತ್ತು. ಮಾವನಿಗೆ ಸಲಾಮು ಹೇಳಿ, ಅಲ್ಲೇ ನಿಂತು, ಪಾಠ ಒಪ್ಪಿಸುವವನಂತೆ ಒಂದೇ ಉಸಿರಿಗೆ ಹೇಳಿದ.

"ಅಬ್ಬಾ ಕಳಸ್ಯಾರ್ರಿ. ಮದುವಿ ಅಡಗಿ ಇದರಾಗ ಆಗೂದೈತಿ ಅಂದ್ರು. ಕಲಾಯಿ ನಿಮ್ಮ ಮಗನ ಮಾಡಬೇಕಂತ. ನೀವು ಕೈ ಹಚ್ಚಬಾರದಂತ. ಕಿಲಬ ಉಳದ್ರ ಉಣ್ಣಾಕ ಬರಂಗಿಲ್ಲ ಅಂದಾರ."

ನಾನು ಇವರ ಮುಖ ನೋಡಿದೆ. ಬಾಯಿ ತೆರೆದರು, ಏನೋ ನೆವ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದರು, ಚಪ್ಪಲಿ ಬಿಟ್ಟರು, ಮರಳು ಸುರಿದುಕೊಂಡು ದೇಗಿನೊಳಗೆ ಇಳಿದರು. ಗೋಡೆ ಹಿಡಿದು ತಿರುಗತೊಡಗಿದರು. ಬಾಳಮ್ಮ ಎದುರುಮನೆಯಿಂದ ನೋಡಿದಳು, ಓಣಿಯ ಮಕ್ಕಳು ನಕ್ಕವು, ಬೀಗರ ಹುಡುಗ ಟೆಂಪೊಗೆ ಒರಗಿ ನಿಂತು ನೋಡಿದ. ಇವರು ನಿಲ್ಲಿಸಲಿಲ್ಲ. ಮಾವ ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದರು, ಅಲ್ಲಿ ತಿಕ್ಕು ಇಲ್ಲಿ ತಿಕ್ಕು ಎನ್ನಲು ತುಟಿ ಅಲ್ಲಾಡಿದರೂ ಮಾತು ನುಂಗಿಕೊಂಡರು.

ತಿಕ್ಕಿ ತೊಳೆಯುವ ಹೊತ್ತಿಗೆ ಬಿಸಿಲು ಏರಿತ್ತು. ಇವರು ಬೆವರು ಒರೆಸಿಕೊಂಡು ಒಲೆ ಹೂಡಿ, ತವರದ ಕಡ್ಡಿ ಹಿಡಿದು, ಅಪ್ಪನ ಡಬ್ಬಿಯಿಂದ ನವಸಾಗರ ತೆಗೆದುಕೊಳ್ಳಲು ಕೈ ಚಾಚಿದರು. ಮಾವ ತಾವೇ ಡಬ್ಬಿ ಮುಂದೆ ಸರಿಸಿದರು.

ಅಷ್ಟರಲ್ಲಿ ಶಾಹಿಸ್ತಾ ಒಳಗಿನಿಂದ ಬಂದಳು. ಮಂಜೂರನ ಕಡೆ ನೋಡಲಿಲ್ಲ. ಸೀದಾ ದೇಗಿನ ಹತ್ತಿರ ಹೋಗಿ, ಬಗ್ಗಿ, ಒಳಗೆ ಕೈ ಹಾಕಿ ತಳದ ಅಂಚಿಗೆ ಬೆರಳಾಡಿಸಿದಳು. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿ, ಅಣ್ಣನ ಮುಖದ ಮುಂದೆ ಹಿಡಿದಳು. ಅಷ್ಟು ವಾರಗಳಲ್ಲಿ ಅವಳು ಇವರೊಂದಿಗೆ ಆಡಿದ ಮೊದಲ ಮಾತು ಅದು.

"ಇಲ್ಲೆ ಹಸರ ಉಳದೈತಿ. ಮತ್ತೊಮ್ಮೆ ಇಳಿ."